ಹೊರೆ ಯಾರ ಹೆಗಲಿಗೆ: ಅಮೆರಿಕದ ಸೆನೆಟ್‌ನಲ್ಲಿ ಚರ್ಚೆ ಮುಗಿಸುವ ನಿಯಮದ ತಿದ್ದುಪಡಿಗಳು

1975ರ ಮಾರ್ಚ್ 7ರಂದು ಅಮೆರಿಕದ ಸೆನೆಟ್ ತನ್ನ 22ನೆಯ ನಿಯಮವನ್ನು 56–27 ಮತಗಳಿಂದ ತಿದ್ದಿತು. ಮಾತು ಮುಗಿಸದೆ ಮಸೂದೆಯನ್ನು ಮತಕ್ಕೆ ಬಾರದಂತೆ ತಡೆಯುವ ತಂತ್ರಕ್ಕೆ ಅಲ್ಲಿ ಫಿಲಿಬಸ್ಟರ್ ಎನ್ನುತ್ತಾರೆ. ಅದನ್ನು ನಿಲ್ಲಿಸುವ ನಿರ್ಣಯಕ್ಕೆ ಕ್ಲೋಚರ್ ಎಂದು ಹೆಸರು. ಕ್ಲೋಚರ್‌ಗೆ ಅಲ್ಲಿಯವರೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೆಯ ಎರಡು ಭಾಗದಷ್ಟು ಬೆಂಬಲ ಬೇಕಿತ್ತು. ತಿದ್ದುಪಡಿಯಾದ ಮೇಲೆ, ಆಯ್ಕೆಯಾಗಿ ಪ್ರಮಾಣವಚನ ಸ್ವೀಕರಿಸಿದ ಒಟ್ಟು ಸದಸ್ಯರ ಐದನೆಯ ಮೂರು ಭಾಗ, ಅಂದರೆ ಪೂರ್ಣ ಸದನದಲ್ಲಿ 60 ಮತ ಎಂದಾಯಿತು. ಮಿತಿ 67ರಿಂದ 60ಕ್ಕೆ ಇಳಿಯಿತು ಎಂಬುದು ವಾಡಿಕೆಯ ವಿವರಣೆ.

ಆ ದಿನದ ಮತಗಳನ್ನೇ ಕೂಡಿ ನೋಡೋಣ. ಮತ ಹಾಕಿದವರು 83 ಮಂದಿ. ಅವರ ಮೂರನೆಯ ಎರಡು ಭಾಗವೆಂದರೆ 56. ಹಳೆಯ ನಿಯಮದಡಿ ಚರ್ಚೆ ಮುಗಿಸಲು ಸರಿಯಾಗಿ ಸಾಲುತ್ತಿದ್ದ ಈ ಸಂಖ್ಯೆ, ಅದೇ 56 ಮತಗಳಿಂದ ಜಾರಿಗೆ ಬಂದ ಹೊಸ ನಿಯಮದಡಿ ಸಾಲುವುದಿಲ್ಲ! ಮತ ಹಾಕಿದವರು 88 ಅಥವಾ ಅದಕ್ಕಿಂತ ಕಡಿಮೆ ಇದ್ದಾಗಲೆಲ್ಲ ಹಳೆಯ ನಿಯಮವೇ ಹಗುರ. ವಾಲ್ಟರ್ ಮಾಂಡೇಲ್ ಮತ್ತು ಜೇಮ್ಸ್ ಪಿಯರ್ಸನ್ ಮುಂದಿಟ್ಟ ಮೂಲ ಸಲಹೆಯಲ್ಲಿ ಐದನೆಯ ಮೂರು ಭಾಗವನ್ನು ಹಾಜರಿದ್ದವರ ಲೆಕ್ಕದಲ್ಲೇ ಹಿಡಿಯಲಾಗಿತ್ತು. ರಾಜಿಯ ಮಾತುಕತೆಯಲ್ಲಿ ಅದು ಒಟ್ಟು ಸದಸ್ಯಬಲದ ಲೆಕ್ಕಕ್ಕೆ ತಿರುಗಿತು. ಹಾಗೆ ತಿರುಗಿದ್ದರಿಂದ ಗೈರುಹಾಜರಿಯೇ ವಿರೋಧದ ಮತವಾಯಿತು. ಸುಧಾರಣೆಯ ಚರಿತ್ರೆಯನ್ನು ಓದುವವರು ಮಿತಿಯ ಅಂಕಿಗೆ ಕೊಟ್ಟಷ್ಟು ಗಮನವನ್ನು ಈ ಒಂದು ಪದಪುಂಜಕ್ಕೆ ಕೊಟ್ಟಿಲ್ಲ. ಪ್ರತಿ ತಿದ್ದುಪಡಿಯನ್ನೂ, ಅದು ತಡೆಯುವ ಶ್ರಮವನ್ನು ಯಾರ ಹೆಗಲಿಗೆ ಹಾಕಿತು ಎಂಬ ಪ್ರಶ್ನೆಯಿಂದ ಪರೀಕ್ಷಿಸಬೇಕೆಂಬುದು ಈ ಲೇಖನದ ವಾದ.

ಸೆನೆಟ್ ಹುಟ್ಟಿದಾಗಲೇ ಫಿಲಿಬಸ್ಟರ್ ಇರಲಿಲ್ಲ. ಸಂವಿಧಾನದಲ್ಲಿ ಅದರ ಹೆಸರಿಲ್ಲ. ಪ್ರತಿ ಸದನವೂ ತನ್ನ ನಡವಳಿಯ ನಿಯಮಗಳನ್ನು ತಾನೇ ಮಾಡಿಕೊಳ್ಳಬಹುದು ಎಂದಷ್ಟೇ ಮೊದಲ ವಿಧಿಯ ಐದನೆಯ ಪ್ರಕರಣ ಹೇಳುತ್ತದೆ. 1789ರಲ್ಲಿ ಎರಡೂ ಸದನಗಳ ನಿಯಮಗಳಲ್ಲಿ ‘ಪೂರ್ವಪ್ರಶ್ನೆ’ ಎಂಬ ಸೂಚನೆ ಇತ್ತು. 1805ರಲ್ಲಿ ಉಪಾಧ್ಯಕ್ಷ ಸ್ಥಾನದಿಂದ ಬೀಳ್ಕೊಳ್ಳುವಾಗ ಆರನ್ ಬರ್, ಬಳಕೆಯೇ ಇಲ್ಲದ ಈ ಸೂಚನೆಯನ್ನು ಕೈಬಿಡಬಹುದೆಂದು ಸಲಹೆ ಕೊಟ್ಟರು. ಮರುವರ್ಷ ಸೆನೆಟ್ ಅದನ್ನು ಕೈಬಿಟ್ಟಿತು. ಪ್ರತಿನಿಧಿ ಸಭೆ ಉಳಿಸಿಕೊಂಡು, 1811ರ ಹೊತ್ತಿಗೆ ಅದನ್ನೇ ಸರಳ ಬಹುಮತದಿಂದ ಚರ್ಚೆ ಮುಗಿಸುವ ಸಾಧನವಾಗಿ ಬೆಳೆಸಿಕೊಂಡಿತು. ಸೆನೆಟ್‌ನ ಈ ಲೋಪ ಯಾರೂ ಉದ್ದೇಶಿಸದೆ ಆದದ್ದು ಎಂದು ರಾಜಕೀಯ ವಿಜ್ಞಾನಿ ಸಾರಾ ಬೈಂಡರ್ ವಾದಿಸಿದ್ದಾರೆ. ಅಲ್ಪಸಂಖ್ಯಾತರ ರಕ್ಷಣೆಗೆಂದು ಸಂವಿಧಾನದ ಶಿಲ್ಪಿಗಳೇ ಇದನ್ನು ರೂಪಿಸಿದರೆಂಬ ಮಾತಿಗೆ ಹೀಗಾಗಿ ಆಧಾರ ಸಿಗುವುದಿಲ್ಲ.

1917ರ ಮಾರ್ಚ್‌ನಲ್ಲಿ ಮೊದಲ ತಿದ್ದುಪಡಿ ಬಂತು. ವ್ಯಾಪಾರಿ ಹಡಗುಗಳಿಗೆ ಶಸ್ತ್ರ ಒದಗಿಸುವ ಮಸೂದೆಯನ್ನು ರಾಬರ್ಟ್ ಲಾ ಫಾಲೆಟ್, ಜಾರ್ಜ್ ನಾರಿಸ್ ಮೊದಲಾದ ಕೆಲವೇ ಸೆನೆಟರುಗಳು ಅಧಿವೇಶನ ಮುಗಿಯುವವರೆಗೂ ತಡೆದರು. ಅಧ್ಯಕ್ಷ ವುಡ್ರೊ ವಿಲ್ಸನ್ ಬಹಿರಂಗವಾಗಿ ಕೆರಳಿದರು. ಮಾರ್ಚ್ 8ರಂದು ಸೆನೆಟ್ 76–3 ಮತಗಳಿಂದ ಕ್ಲೋಚರ್ ನಿಯಮವನ್ನು ಒಪ್ಪಿತು. 1919ರಲ್ಲಿ ವರ್ಸೇ ಒಪ್ಪಂದದ ಮೇಲೆ ಅದರ ಮೊದಲ ಬಳಕೆ ಆಯಿತು. 1962ರವರೆಗಿನ ನಾಲ್ಕೂವರೆ ದಶಕಗಳಲ್ಲಿ ಕ್ಲೋಚರ್ ಗೆದ್ದದ್ದು ಐದೇ ಸಲ.

ಆ ಐದರಲ್ಲಿ ಒಂದೂ ಕಪ್ಪು ಜನರ ಹಕ್ಕಿಗೆ ಸಂಬಂಧಿಸಿದ್ದಲ್ಲ. ಗುಂಪುಗೂಡಿ ಮನುಷ್ಯರನ್ನು ಕೊಲ್ಲುವ ಲಿಂಚಿಂಗ್ ವಿರುದ್ಧದ ಡಯರ್ ಮಸೂದೆ 1922ರ ಜನವರಿಯಲ್ಲಿ ಪ್ರತಿನಿಧಿ ಸಭೆಯಲ್ಲಿ ಗೆದ್ದು, ಅದೇ ವರ್ಷ ಸೆನೆಟ್‌ನಲ್ಲಿ ಫಿಲಿಬಸ್ಟರ್‌ಗೆ ಬಲಿಯಾಯಿತು. 1938ರಲ್ಲಿ ಅಂಥದೇ ಇನ್ನೊಂದು ಮಸೂದೆ ಬಿತ್ತು. ಮತದಾನಕ್ಕೆ ವಿಧಿಸುತ್ತಿದ್ದ ತಲೆಗಂದಾಯವನ್ನು ರದ್ದುಮಾಡುವ ಮಸೂದೆಗಳಿಗೂ 1940ರ ದಶಕದಲ್ಲಿ ಅದೇ ಗತಿಯಾಯಿತು. ಲಿಂಚಿಂಗ್ ತಡೆ ಕಾನೂನು ಮಾಡದೆ ಹೋದದ್ದಕ್ಕೆ ಸೆನೆಟ್ 2005ರಲ್ಲಿ ಕ್ಷಮೆ ಕೇಳಿತು. ಎಮೆಟ್ ಟಿಲ್ ಹೆಸರಿನ ಲಿಂಚಿಂಗ್ ವಿರೋಧಿ ಕಾಯ್ದೆಗೆ ಅಧ್ಯಕ್ಷರ ಸಹಿ ಬಿದ್ದದ್ದು 2022ರ ಮಾರ್ಚ್‌ನಲ್ಲಿ. ಡಯರ್ ಮಸೂದೆಯಿಂದ ಎಣಿಸಿದರೆ ನೂರು ವರ್ಷ. ನಡವಳಿ ನಿಯಮಗಳನ್ನು ಬರಿಯ ತಾಂತ್ರಿಕ ವಿಷಯವೆಂದು ಬದಿಗೆ ಸರಿಸುವ ವಿದ್ವಾಂಸರು ಈ ನೂರು ವರ್ಷಗಳಲ್ಲಿ ಸತ್ತವರನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಆದರೂ ಆ ಕಾಲದ ತಡೆಗಾರ ಬೆವರು ಹರಿಸಬೇಕಿತ್ತು. 1957ರಲ್ಲಿ ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ಮಾತಾಡಿದರು. 1964ರಲ್ಲಿ ನಾಗರಿಕ ಹಕ್ಕುಗಳ ಮಸೂದೆಯ ಎದುರು ರಾಬರ್ಟ್ ಬರ್ಡ್ ಹದಿನಾಲ್ಕು ಗಂಟೆಗೂ ಹೆಚ್ಚು ಹೊತ್ತು ನಿಂತರು. ಸದನದ ಬೇರೆ ಕೆಲಸಗಳೆಲ್ಲ ನಿಂತವು, ದೇಶ ನೋಡುತ್ತಿತ್ತು. ಅರವತ್ತು ದಿನಗಳ ಚರ್ಚೆಯ ಕೊನೆಗೆ ಜೂನ್ 10ರಂದು ಕ್ಲೋಚರ್ 71–29ರಿಂದ ಗೆದ್ದಿತು. ಮಿದುಳಿನ ಗೆಡ್ಡೆಯಿಂದ ಮಾತು ಕಳೆದುಕೊಂಡಿದ್ದ ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಹೆಸರು ಕೂಗಿದಾಗ ಅವರು ತಮ್ಮ ಕಣ್ಣಿನತ್ತ ಬೆರಳು ತೋರಿಸಿದರು. ಇಂಗ್ಲಿಷಿನಲ್ಲಿ ಕಣ್ಣಿಗೂ ‘ಹೌದು’ ಎಂಬ ಮತಕ್ಕೂ ಒಂದೇ ಉಚ್ಚಾರ.

1970ರ ದಶಕದ ಆರಂಭದಲ್ಲಿ ಬಹುಮತ ಪಕ್ಷದ ನಾಯಕ ಮೈಕ್ ಮ್ಯಾನ್ಸ್‌ಫೀಲ್ಡ್ ಎರಡು ಹಳಿಗಳ ಪದ್ಧತಿ ತಂದರು. ತಡೆಗೆ ಸಿಕ್ಕ ಮಸೂದೆಯನ್ನು ಒಂದು ಹಳಿಯ ಮೇಲೆ ಬಿಟ್ಟು, ಇನ್ನೊಂದು ಹಳಿಯ ಮೇಲೆ ಉಳಿದ ಕಲಾಪ ನಡೆಸುವ ಏರ್ಪಾಡು ಇದು. ಸದನದ ಸಮಯ ಉಳಿಸಬೇಕೆಂಬ ಉದ್ದೇಶ ಪ್ರಾಮಾಣಿಕವಾಗಿತ್ತು. ಪರಿಣಾಮವಾಗಿ ತಡೆಗಾರನ ಶ್ರಮವೂ ಉಳಿಯಿತು. ಅವನೀಗ ನಿಂತು ಮಾತಾಡಬೇಕಿಲ್ಲ, ತಡೆಯುವ ಇಚ್ಛೆಯಿದೆ ಎಂದು ತಿಳಿಸಿದರಾಯಿತು. ಇದರ ಮೇಲೆ 1975ರ ಪದಪುಂಜವೂ ಸೇರಿಕೊಂಡಿತು. ಚರ್ಚೆ ಮುಗಿಸಬೇಕೆನ್ನುವವರು 60 ಜನರನ್ನು ಕೂಡಿಸಬೇಕು, ಬೇಡವೆನ್ನುವವರು ಮನೆಯಲ್ಲೇ ಇರಬಹುದು. ನನ್ನ ಅಭಿಪ್ರಾಯದಲ್ಲಿ ಇಂದಿನ ಫಿಲಿಬಸ್ಟರ್ ಹುಟ್ಟಿದ್ದು 1806ರಲ್ಲೂ ಅಲ್ಲ, 1917ರಲ್ಲೂ ಅಲ್ಲ. ಒಂದರ ಬೆನ್ನಿಗೊಂದು ಬಂದ, ಎರಡೂ ಸುಧಾರಣೆಯ ಹೆಸರು ಹೊತ್ತ ಈ ಎರಡು ಬದಲಾವಣೆಗಳಲ್ಲಿ.

ನಿಯಮವನ್ನು ನೇರವಾಗಿ ತಿದ್ದುವ ದಾರಿ ಕಠಿಣ. ನಿಯಮ ಬದಲಿಸುವ ನಿರ್ಣಯದ ಮೇಲಿನ ಚರ್ಚೆ ಮುಗಿಸಲು ಇಂದಿಗೂ ಹಾಜರಿದ್ದವರ ಮೂರನೆಯ ಎರಡು ಭಾಗ ಬೇಕು. ಹಿಂದಿನ ಕಾಂಗ್ರೆಸ್ಸಿನ ನಿಯಮಗಳು ಮುಂದಿನದಕ್ಕೂ ಅನ್ವಯಿಸುತ್ತವೆ ಎಂಬ ಸಾಲು 1959ರಲ್ಲಿ ಸೇರಿತು. ಹೊಸ ಸೆನೆಟ್ ಹಳೆಯ ನಿಯಮಕ್ಕೆ ಬದ್ಧವಲ್ಲ ಎಂದು ಥಾಮಸ್ ವಾಲ್ಷ್ 1917ರಲ್ಲೇ ವಾದಿಸಿದ್ದರು. 1957ರಲ್ಲಿ ಪೀಠದಲ್ಲಿದ್ದ ಉಪಾಧ್ಯಕ್ಷ ನಿಕ್ಸನ್ ಆ ವಾದಕ್ಕೆ ಒಲವು ತೋರಿಸಿದರೂ ಸದನ 55–38ರಿಂದ ಪ್ರಯತ್ನವನ್ನು ಬದಿಗಿಟ್ಟಿತು.

2013ರ ನವೆಂಬರ್ 21ರಂದು ಆಗಿನ ಬಹುಮತ ಪಕ್ಷದ ನಾಯಕ ಹ್ಯಾರಿ ರೀಡ್ ಸುತ್ತು ದಾರಿ ಹಿಡಿದರು. ಸುಪ್ರೀಂ ಕೋರ್ಟ್ ಹೊರತುಪಡಿಸಿ ಉಳಿದ ನೇಮಕಾತಿಗಳಲ್ಲಿ ಕ್ಲೋಚರ್‌ಗೆ ಸರಳ ಬಹುಮತ ಸಾಕೆಂದು ಕ್ರಿಯಾಲೋಪ ಎತ್ತಿದರು. ಪೀಠ ಒಪ್ಪಲಿಲ್ಲ, ಒಪ್ಪುವಂತೆಯೂ ಇರಲಿಲ್ಲ. ರೂಲಿಂಗ್ ನಿಲ್ಲಬೇಕೇ ಎಂಬ ಪ್ರಶ್ನೆಗೆ 52 ಸದಸ್ಯರು ಬೇಡವೆಂದರು, 48 ಮಂದಿ ಬೇಕೆಂದರು. ಅಲ್ಲಿಗೆ ಪೂರ್ವನಿದರ್ಶನ ಸ್ಥಾಪಿತವಾಯಿತು. 2017ರ ಏಪ್ರಿಲ್ 6ರಂದು ಆಗಿನ ಬಹುಮತ ನಾಯಕ ಮಿಚ್ ಮೆಕಾನಲ್ ಅದೇ ದಾರಿಯಲ್ಲಿ ಸುಪ್ರೀಂ ಕೋರ್ಟನ್ನೂ ಸೇರಿಸಿದರು. ನೀಲ್ ಗಾರ್ಸಚ್ ನ್ಯಾಯಮೂರ್ತಿಯಾದರು.

ನಮ್ಮ ಲೋಕಸಭೆಯ ನಿಯಮಗಳಲ್ಲಿ ಸರಳ ಬಹುಮತದಿಂದಲೇ ಚರ್ಚೆ ಮುಗಿಸುವ ಅವಕಾಶವಿದೆ. ಅದರ ಮೂಲ ಬ್ರಿಟಿಷ್ ಸಂಸತ್ತಿನಲ್ಲಿದೆ. 1881ರಲ್ಲಿ ಪಾರ್ನೆಲ್ ನೇತೃತ್ವದ ಐರಿಷ್ ಸದಸ್ಯರು 41 ಗಂಟೆ ಮೀರಿ ಕಲಾಪ ಎಳೆದಾಗ ಸ್ಪೀಕರ್ ಬ್ರ್ಯಾಂಡ್ ಸ್ವಂತ ಅಧಿಕಾರದಿಂದ ಪ್ರಶ್ನೆಯನ್ನು ಮತಕ್ಕೆ ಹಾಕಿದರು. ಮುಂದಿನ ವರ್ಷ ಅದು ನಿಯಮವಾಯಿತು. ಮಾತಿನಿಂದ ತಡೆಯುವ ದಾರಿ ಮುಚ್ಚಿದ ಸದನಗಳಲ್ಲಿ ವಿರೋಧ ಪಕ್ಷ ಸದನದ ಬಾವಿಗಿಳಿಯುತ್ತದೆ, ಧರಣಿ ಕೂರುತ್ತದೆ. ತಡೆ ರೂಪ ಬದಲಿಸಿಕೊಂಡು ಉಳಿಯುತ್ತದೆ ಎಂಬುದಕ್ಕೆ ಬೆಂಗಳೂರಿನ ವಿಧಾನಸೌಧದಲ್ಲೂ ಸಾಕ್ಷಿ ಸಿಗುತ್ತದೆ. ಆದ್ದರಿಂದ ಫಿಲಿಬಸ್ಟರನ್ನು ಪೂರ್ತಿ ಅಳಿಸಿದರೆ ಎಲ್ಲ ಸರಿಹೋಗುತ್ತದೆಂದು ನಾನು ನಂಬಲಾರೆ. ವಿರೋಧಿಸುವವರು ಸದನಕ್ಕೆ ಬಂದು, ಕಾಣುವಂತೆ ನಿಂತು ವಿರೋಧಿಸಲಿ ಎಂದು ಕೇಳುವುದು ನ್ಯಾಯ. ಚರ್ಚೆ ಮುಂದುವರಿಯಲು 41 ಮತ ತೋರಿಸಬೇಕೆಂಬ ರಾಜಕೀಯ ವಿಜ್ಞಾನಿ ನಾರ್ಮನ್ ಆರ್ನ್‌ಸ್ಟೀನ್ ಅವರ ಸಲಹೆಯ ತಿರುಳು ಇದೇ.

2022ರ ಜನವರಿ 19ರ ರಾತ್ರಿ ಆಗಿನ ಬಹುಮತ ನಾಯಕ ಚಕ್ ಶೂಮರ್ ಕೇಳಿದ್ದೂ ಇದರ ಹತ್ತಿರದ್ದನ್ನೇ. ಮತದಾನದ ಹಕ್ಕುಗಳ ಒಂದು ಮಸೂದೆಯ ಮಟ್ಟಿಗೆ, ತಡೆಯುವವರು ಎದ್ದು ನಿಂತು ಮಾತಾಡಬೇಕು. ಮಾತು ಮುಗಿದ ಮೇಲೆ ಸರಳ ಬಹುಮತ ತೀರ್ಮಾನಿಸಬೇಕು. ಡೆಮಾಕ್ರಟಿಕ್ ಪಕ್ಷದ ಜೋ ಮ್ಯಾಂಚಿನ್ ಮತ್ತು ಕಿರ್ಸ್ಟನ್ ಸಿನೆಮಾ ಎದುರು ಪಕ್ಷದ ಜೊತೆ ಸೇರಿದರು. ಸಲಹೆ 48–52ರಿಂದ ಬಿತ್ತು. ಒಟ್ಟು ಸದಸ್ಯರ ಐದನೆಯ ಮೂರು ಭಾಗ ಎಂಬ 1975ರ ಪದಗಳು 22ನೆಯ ನಿಯಮದಲ್ಲಿ ಹಾಗೆಯೇ ಉಳಿದವು.