ಬಾಬಿನ್ ಯಾರ್: ಸಮರಕಾಲದ ಸ್ಮರಣೆ

ಹತರಾದವರನ್ನು ಸ್ಮರಿಸುವುದಕ್ಕೂ ಅವರ ಕಥೆಯನ್ನು ಎಳೆಯರಿಗೆ ಬೋಧಿಸುವುದಕ್ಕೂ ಶಾಂತಿಕಾಲವೇ ತಕ್ಕುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಉಕ್ರೇನಿನ ರಾಜಧಾನಿಯಾದ ಕೀವ್ ನಗರಕ್ಕೆ ಈ ಅನುಕೂಲವು ದೊರೆಯಲಿಲ್ಲ.

ಆ ನಗರದಲ್ಲಿ ಬಾಬಿನ್ ಯಾರ್ ಎಂಬುದೊಂದು ಕಮರಿಯುಂಟು. 1941ರ ಸೆಪ್ಟೆಂಬರ್ 19ರಂದು ಜರ್ಮನ್ ಸೈನ್ಯವು ಕೀವನ್ನು ವಶಪಡಿಸಿಕೊಂಡಿತು. ಯೆಹೂದ್ಯರೆಲ್ಲರೂ ಕಾಗದಪತ್ರಗಳನ್ನೂ ಬೆಚ್ಚನೆಯ ಉಡುಪುಗಳನ್ನೂ ತೆಗೆದುಕೊಂಡು ಬಂದು ನೆರೆಯತಕ್ಕದ್ದೆಂದು ಕೆಲವೇ ದಿನಗಳಲ್ಲಿ ಪ್ರಕಟಣೆ ಹೊರಟಿತು. ತಮ್ಮನ್ನು ಬೇರೆಡೆಗೆ ಸಾಗಿಸುವರೆಂದು ನಂಬಿ ಬಹುಮಂದಿ ಹೊರಟರು. ಸೆಪ್ಟೆಂಬರ್ 29 ಮತ್ತು 30, ಈ ಎರಡೇ ದಿನಗಳಲ್ಲಿ 33,771 ಮಂದಿಯನ್ನು ಸಂಹರಿಸಿದುದಾಗಿ ಕೊಂದವರ ವರದಿಯೇ ಲೆಕ್ಕ ಕೊಟ್ಟಿದೆ. ಅನಂತರ ರೋಮಾ ಜನರೂ ಸೋವಿಯತ್ ಯುದ್ಧಕೈದಿಗಳೂ ಅಲ್ಲಿಯೇ ಹತರಾದರು. 1943ರಲ್ಲಿ ಜರ್ಮನರು ಹಿಮ್ಮೆಟ್ಟುವ ಮುನ್ನ, ಕೈದಿಗಳ ಕೈಯಿಂದಲೇ ಹೆಣಗಳನ್ನು ಅಗೆಸಿ ಸುಡಿಸಿ, ಕುರುಹನ್ನು ಅಳಿಸಲೆಳಸಿದರು.

ಯುದ್ಧವು ಮುಗಿದ ಮೇಲೂ ಮರೆವು ಮುಗಿಯಲಿಲ್ಲ. 1976ರಲ್ಲಿ ಸೋವಿಯತ್ ಸರಕಾರವು ನಿಲ್ಲಿಸಿದ ಸ್ಮಾರಕದ ಬರೆಹದಲ್ಲಿ 'ಯೆಹೂದ್ಯ' ಎಂಬ ಶಬ್ದವೇ ಇರಲಿಲ್ಲ. ಅವರ ದೀಪಸ್ತಂಭವಾದ ಮೆನೋರಾದ ಆಕೃತಿಯ ಸ್ಮಾರಕವು ಅಲ್ಲಿ ನಿಂತುದು 1991ರಲ್ಲಿ, ಐವತ್ತು ವರ್ಷಗಳು ಕಳೆದ ಮೇಲೆ.

2022ರ ಫೆಬ್ರವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ, 'ನಾಜಿಗಳ ನಿರ್ಮೂಲನ', 'ಜನಾಂಗಹತ್ಯೆಯ ತಡೆ' ಎಂಬ ಮಾತುಗಳನ್ನೇ ಕಾರಣವಾಗಿ ಮುಂದಿಟ್ಟಿತು. ಮಾರ್ಚ್ 1ರಂದು ಬಾಬಿನ್ ಯಾರ್ ಪಕ್ಕದ ದೂರದರ್ಶನ ಗೋಪುರದ ಮೇಲೆ ನಡೆದ ದಾಳಿಯಲ್ಲಿ ನಾಗರಿಕರು ಮಡಿದರು. ಮಾರ್ಚ್ 18ರಂದು, ಬೂಖೆನ್‌ವಾಲ್ಡ್ ಮೊದಲಾದ ನಾಲ್ಕು ನಾಜಿ ಶಿಬಿರಗಳಿಂದ ಬದುಕಿ ಬಂದಿದ್ದ 96 ವರ್ಷದ ಬೋರಿಸ್ ರೊಮಾಂಚೆಂಕೊ ಅವರು ಖಾರ್ಕಿವ್ ನಗರದ ತಮ್ಮ ಮನೆಯಲ್ಲಿಯೇ ದಾಳಿಗೆ ಬಲಿಯಾದರು. ಜನಾಂಗಹತ್ಯೆಯ ಆರೋಪವನ್ನು ಉಕ್ರೇನ್ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ಮುಂದಿಟ್ಟು ಪ್ರಶ್ನಿಸಿತು. ಸೈನಿಕ ಕಾರ್ಯಾಚರಣೆಯನ್ನು ನಿಲ್ಲಿಸಬೇಕೆಂದು ನ್ಯಾಯಾಲಯವು ಮಾರ್ಚ್ 16ರಂದು ವಿಧಿಸಿದ ಮಧ್ಯಂತರ ಆಜ್ಞೆಯನ್ನು ರಷ್ಯವು ಪಾಲಿಸಲಿಲ್ಲ.

ಇಂತಹ ಸಮಯದಲ್ಲಿ ಉಪಾಧ್ಯಾಯನು ಬೋಧಿಸಬೇಕಾದುದೇನು? 1941ರಲ್ಲಿ ಜರ್ಮನರ ಅಧೀನದಲ್ಲಿದ್ದ ಸ್ಥಳೀಯ ಪೊಲೀಸರೂ ಈ ಕೃತ್ಯಕ್ಕೆ ನೆರವಾದರೆಂಬುದು ಸತ್ಯ; ಪ್ರಾಣವನ್ನೊಡ್ಡಿ ಯೆಹೂದ್ಯರನ್ನು ಅಡಗಿಸಿಟ್ಟವರೂ ಆ ನಾಡಿನವರೇ ಎಂಬುದೂ ಸತ್ಯ. ಶತ್ರುವು ಬಾಗಿಲಲ್ಲಿರುವಾಗ ಮೊದಲನೆಯದನ್ನು ಉಚ್ಚರಿಸುವುದು ಕಠಿನ. ಆದರೆ ಅದನ್ನು ಬಿಟ್ಟರೆ ಉಳಿಯುವುದು ಚರಿತ್ರೆಯಲ್ಲ, ಸಮರಘೋಷ. ಇಂದಿನ ನೋವನ್ನು ಅಂದಿನದರೊಡನೆ ಏಕವಾಗಿಸಬೇಕಾದ ಅಗತ್ಯವಿಲ್ಲ. ಎರಡಕ್ಕೂ ಅವುಗಳದೇ ಹೆಸರುಗಳುಂಟು. ಕೊಂದವರಾರು, ಸತ್ತವರಾರು, ಯಾವ ಆಜ್ಞೆಯಿಂದ, ಯಾವ ಸ್ಥಳದಲ್ಲಿ ಎಂಬುದನ್ನು ನಿಷ್ಠೆಯಿಂದ ತಿಳಿಸಿದಲ್ಲಿ, ಆ ಕಮರಿಯಲ್ಲಿ ಮಲಗಿದವರಿಗೆ ಮತ್ತೊಮ್ಮೆ ಅನ್ಯಾಯವಾಗದು.