ಒಂಬತ್ತು ವೋಲ್ಟಿನ ಮೌನ

ಕಾಲೇಜಿನ ದಿನಗಳಲ್ಲಿ ನಾವು ಗೋಡೆಗೆ ಮುಖ ಮಾಡಿ ಗಿಟಾರ್ ನುಡಿಸುತ್ತಿದ್ದೆವು. ನೋಡಿದವರು ನಾಚಿಕೆ ಎಂದುಕೊಂಡಿರಬೇಕು. ಕಾರಣ ಬೇರೆಯಿತ್ತು. ಗೆಳೆಯನ ಮನೆಯ ಮಹಡಿ ಕೋಣೆಯಲ್ಲಿ ಒಂದು ಟ್ಯೂಬ್‌ಲೈಟು, ಅದಕ್ಕೊಂದು ಹಳೆಯ ಚೋಕು, ಮೂಲೆಯಲ್ಲಿ ಸ್ಟೆಬಿಲೈಸರು. ಆಂಪ್ಲಿಫೈಯರಿಗೆ ಗಿಟಾರ್ ಜೋಡಿಸಿದ ಕೂಡಲೇ ಜೇನುಗೂಡಿಗೆ ಕಲ್ಲು ಹೊಡೆದಂತೆ ಗುಂಯ್ ಎಂಬ ಸದ್ದು ಶುರುವಾಗುತ್ತಿತ್ತು. ಗಿಟಾರ್ ಹಿಡಿದುಕೊಂಡು ನಿಧಾನವಾಗಿ ಸುತ್ತು ಬಂದರೆ ಒಂದು ದಿಕ್ಕಿನಲ್ಲಿ ಅದು ತಗ್ಗುತ್ತಿತ್ತು. ಆ ದಿಕ್ಕಿನಲ್ಲಿ ಗೋಡೆಯಿತ್ತು, ಅಷ್ಟೆ.

ಎಲೆಕ್ಟ್ರಿಕ್ ಗಿಟಾರಿನ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಸದ್ದಿನ ಇತಿಹಾಸ ಬರೆಯುತ್ತಾರೆ. ನನಗೆ ಅದು ಈ ಗುಂಯ್‌ಗುಡುವಿಕೆಯನ್ನು ಓಡಿಸಲು ನಡೆದ ಪ್ರಯತ್ನಗಳ ಇತಿಹಾಸವಾಗಿಯೇ ಕಾಣುತ್ತದೆ.

1931ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಾರ್ಜ್ ಬೋಶಾಂಪ್ ಎಂಬ ಸಂಗೀತಗಾರ ಕುದುರೆ ಲಾಳದ ಆಕಾರದ ಅಯಸ್ಕಾಂತಗಳ ನಡುವೆ ತಾಮ್ರದ ಸುರುಳಿಯಿಟ್ಟು, ಅದರ ಮೇಲೆ ಉಕ್ಕಿನ ತಂತಿಗಳು ಹಾಯುವಂತೆ ಮಾಡಿದ. ತಂತಿ ಅದುರಿದರೆ ಅಯಸ್ಕಾಂತದ ಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಅಷ್ಟೇ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ರಿಕನ್‌ಬ್ಯಾಕರ್ ಕಂಪನಿ ಮಾರಿದ ಆ ವಾದ್ಯ ನೋಡಲು ಬಾಣಲೆಯಂತಿತ್ತು, ಹೆಸರೂ ಅದೇ ಆಯಿತು: ‘ಫ್ರೈಯಿಂಗ್ ಪ್ಯಾನ್’. ಇಂದಿಗೂ ಪಿಕಪ್ ಎಂದರೆ ಮೂಲತಃ ಇಷ್ಟೇ. ತೊಂದರೆ ಏನೆಂದರೆ ಆ ಸುರುಳಿಗೆ ತಂತಿ ಯಾವುದು, ಟ್ಯೂಬ್‌ಲೈಟಿನ ಚೋಕು ಯಾವುದು ಎಂಬ ಭೇದವಿಲ್ಲ. ಅಲುಗುವ ಯಾವ ಕಾಂತಕ್ಷೇತ್ರ ಸಿಕ್ಕರೂ ಅದು ಹಾಡುತ್ತದೆ.

ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ‘ಹಂಬಕರ್’ ಇದಕ್ಕೆ ಜಾಣ ಉತ್ತರ. ಅಕ್ಕಪಕ್ಕ ಎರಡು ಸುರುಳಿ. ಒಂದಕ್ಕೊಂದು ವಿರುದ್ಧವಾಗಿ ಜೋಡಣೆ, ಅಯಸ್ಕಾಂತದ ಧ್ರುವಗಳೂ ವಿರುದ್ಧ. ತಂತಿಯ ಸದ್ದು ಕೂಡಿಕೊಳ್ಳುತ್ತದೆ, ಹೊರಗಿನ ಗುಂಯ್ ಒಂದನ್ನೊಂದು ಕಳೆದುಕೊಳ್ಳುತ್ತದೆ. ಆದರೆ ತಂತಿಯನ್ನು ಎರಡು ಜಾಗದಲ್ಲಿ ಕೇಳಿಸಿಕೊಳ್ಳುವುದರಿಂದ ಮೇಲಿನ ಸ್ಥಾಯಿಯ ಮಿನುಗೂ ಸ್ವಲ್ಪ ಕಳೆದುಹೋಗುತ್ತದೆ. ಜನ ಅದನ್ನು ‘ಬೆಚ್ಚಗಿನ ನಾದ’ ಎಂದು ಕರೆದು ಪ್ರೀತಿಸತೊಡಗಿದರು. ನಷ್ಟಕ್ಕೆ ಒಳ್ಳೆಯ ಹೆಸರಿಡುವ ಈ ಅಭ್ಯಾಸ ಮುಂದೆಯೂ ಬರುತ್ತದೆ, ನೆನಪಿರಲಿ.

ಕೂದಲೆಳೆಯಷ್ಟು ತೆಳುವಾದ ತಾಮ್ರವನ್ನು ಸಾವಿರಾರು ಸುತ್ತು ಸುತ್ತಿದರೆ ಸದ್ದು ದೊಡ್ಡದಾಗುತ್ತದೆ ನಿಜ, ಆದರೆ ಆ ಸಂಕೇತ ದುರ್ಬಲ. ಉದ್ದನೆಯ ಕೇಬಲಿನಲ್ಲಿ ಹೋಗುವಾಗ ಅದರ ಮೇಲಿನ ಸ್ವರಗಳು ದಾರಿಯಲ್ಲೇ ಸೋರಿಹೋಗುತ್ತವೆ. ಕಡಿಮೆ ಸುತ್ತಿನ ಸುರುಳಿ ಮಾಡಿ, ಸದ್ದನ್ನು ಗಿಟಾರಿನ ಒಳಗೇ ಒಂದು ಪುಟ್ಟ ಆಂಪ್ಲಿಫೈಯರಿನಿಂದ ಎತ್ತಿ ಕಳಿಸಿದರೆ? ಅರವತ್ತರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಅಲೆಂಬಿಕ್‌ನವರು ಗ್ರೇಟ್‌ಫುಲ್ ಡೆಡ್ ತಂಡದ ವಾದ್ಯಗಳಲ್ಲಿ ಈ ದಾರಿ ಹಿಡಿದರು. 1976ರಲ್ಲಿ ಲಾಂಗ್ ಬೀಚಿನಲ್ಲಿ ರಾಬ್ ಟರ್ನರ್ ಶುರುಮಾಡಿದ ಕಂಪನಿ ಅದನ್ನೇ ಕಪ್ಪು ಪ್ಲಾಸ್ಟಿಕ್ಕಿನ ಒಂದು ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿತು. ಅದೇ ಮುಂದೆ ಇಎಂಜಿ ಎಂದು ಹೆಸರಾದದ್ದು. ಸುರುಳಿ, ಅಯಸ್ಕಾಂತ, ಆಂಪ್ಲಿಫೈಯರು ಎಲ್ಲ ಒಳಗೆ. ಹೊರಗೆ ಬೇಕಾದದ್ದು ಒಂಬತ್ತು ವೋಲ್ಟಿನ ಒಂದು ಬ್ಯಾಟರಿ. ಇದೇ ಆ್ಯಕ್ಟಿವ್ ಪಿಕಪ್. ಆಮೇಲೆ ಹಳೆಯದಕ್ಕೆಲ್ಲ ಪ್ಯಾಸಿವ್ ಎಂಬ ಹೆಸರು ಬಂತು.

ಅದನ್ನು ಕೇಳಿದ ಕೂಡಲೇ ನನ್ನ ಗೆಳೆಯ ಹೇಳಿದ್ದ ಮಾತು, ‘ಇದ್ರಲ್ಲಿ ಜೀವ ಇಲ್ಲ ಕಣೋ.’

ಅವನೊಬ್ಬನೇ ಅಲ್ಲ, ಜಗತ್ತಿನ ಗಿಟಾರ್ ಮಂದಿ ನಲವತ್ತು ವರ್ಷಗಳಿಂದ ಇದನ್ನೇ ಹೇಳುತ್ತಿದ್ದಾರೆ. ನಮ್ಮ ಕಡೆ ಈ ಮಾತಿಗೆ ಇನ್ನೊಂದು ಅರ್ಥವೂ ಇದೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ತೂರಿಸುವ ನೂಲಿನೆಳೆಗೆ ಜೀವಾಳಿ ಎನ್ನುತ್ತೇವೆ. ಅದು ಸರಿಯಾದ ಜಾಗದಲ್ಲಿ ಕೂತರೆ ತಂತಿ ಝೇಂಕರಿಸುತ್ತದೆ, ತೆಗೆದರೆ ಬರಿಯ ಟಿಣ್ ಟಿಣ್. ಅಂದರೆ ತಂತಿಗೆ ಒಂದು ಸಣ್ಣ ಅಡ್ಡಿ ಬೇಕು, ಆ ಅಡ್ಡಿಯೇ ಜೀವ. ಹಾಗಾದರೆ ಪ್ಯಾಸಿವ್ ಪಿಕಪ್ಪಿನ ಜೀವವೂ ಅದರ ಅಡ್ಡಿಗಳಲ್ಲೇ ಇದ್ದೀತೆ?

ಪರೀಕ್ಷೆ ಮಾಡಿ ನೋಡಿದೆ. ಒಂದೇ ಗಿಟಾರು, ಒಂದೇ ಆಂಪು. ಮೊದಲು ಪ್ಯಾಸಿವ್ ಹಂಬಕರ್ ಹಾಕಿ ಮೂರು ಮೀಟರಿನ ಕೇಬಲಿನಲ್ಲಿ ನುಡಿಸಿ, ಆಮೇಲೆ ಹತ್ತು ಮೀಟರಿನದನ್ನು ಚುಚ್ಚಿದೆ. ಕಂಬಳಿ ಹೊದಿಸಿದ ಹಾಗೆ ಮಂಕಾಯಿತು. ವಾಲ್ಯೂಮಿನ ಗುಂಡಿಯನ್ನು ಅರ್ಧಕ್ಕೆ ತಿರುಗಿಸಿದರೆ ಸದ್ದು ಕಡಿಮೆಯಾಗುವುದರ ಜೊತೆಗೆ ಮೃದುವೂ ಆಗುತ್ತದೆ. ಆಮೇಲೆ ಬೆಸುಗೆ ಬಿಡಿಸಿ ಇಎಂಜಿ 81 ಕೂರಿಸಿದೆ. ಗುಂಡಿಗಳನ್ನೂ ಬದಲಿಸಬೇಕು, ಪ್ಯಾಸಿವ್‌ಗೆ 500 ಕಿಲೋಓಮ್ ಇದ್ದರೆ ಇದಕ್ಕೆ 25 ಸಾಕು. ಈಗ ಕೇಬಲ್ ಎಷ್ಟು ಉದ್ದವಾದರೂ ನಾದ ಬದಲಾಗಲಿಲ್ಲ. ಗುಂಡಿ ತಿರುಗಿಸಿದರೆ ಸದ್ದು ಮಾತ್ರ ಇಳಿಯಿತು, ಬಣ್ಣ ಹಾಗೇ ಉಳಿಯಿತು. ಸೆರಾಮಿಕ್ ಅಯಸ್ಕಾಂತದ ಈ 81ರ ಪೆಟ್ಟು ಮೊನಚು, ಅಂಗೈ ಒತ್ತಿ ಬಾರಿಸಿದರೆ ಕಡ್ಡಿ ಮುರಿದಷ್ಟು ಸ್ಪಷ್ಟ. ಆಲ್ನಿಕೊ ಅಯಸ್ಕಾಂತದ 85 ಹೆಚ್ಚು ತುಂಬಿದ ದನಿಯದು, ಕುತ್ತಿಗೆಯ ಬಳಿ ಕೂರಿಸಲು ನನಗೆ ಅದೇ ಇಷ್ಟ. ಎರಡರಲ್ಲೂ ಬೆರಳಿನ ಒತ್ತಡದ ಸಣ್ಣ ವ್ಯತ್ಯಾಸಗಳು ಒಂದೇ ಎತ್ತರಕ್ಕೆ ಬಂದಂತೆ ಕೇಳಿಸಿದವು. ಗೆಳೆಯ ಹೇಳಿದ್ದು ಪೂರ್ತಿ ಸುಳ್ಳಲ್ಲ.

ಆದರೆ ನಾನು ಬೆಚ್ಚಿದ್ದು ನುಡಿಸುವಾಗ ಅಲ್ಲ, ಕೈ ತೆಗೆದಾಗ. ಆಂಪು ಪೂರ್ತಿ ಜೋರಾಗಿತ್ತು. ಏನೂ ಇಲ್ಲ. ಕರೆಂಟು ಹೋಯಿತೇನೋ ಎಂದು ತಿರುಗಿ ದೀಪ ನೋಡಿದೆ.

ಮೆಟಲ್ ಸಂಗೀತದವರು ಇದನ್ನು ತಬ್ಬಿಕೊಂಡದ್ದು ಈ ಕಾರಣಕ್ಕೇ. ಸದ್ದನ್ನು ವಿಪರೀತ ಹಿಗ್ಗಿಸುವ ಆಂಪಿನಲ್ಲಿ ಗುಂಯ್ ಕೂಡ ಅಷ್ಟೇ ಹಿಗ್ಗುತ್ತದೆ. ಎರಡು ಪೆಟ್ಟುಗಳ ನಡುವೆ ನಿಜವಾದ ಮೌನವಿದ್ದರೆ ಮಾತ್ರ ಪೆಟ್ಟು ಪೆಟ್ಟಾಗಿ ಕೇಳುತ್ತದೆ. ಮೆಟಾಲಿಕಾದ 1988ರ ಆಲ್ಬಂ ಕೇಳಿದರೆ ಇದು ಗೊತ್ತಾಗುತ್ತದೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದ ಕೆಸರಿನಲ್ಲಿ ನಿಂತವರಿಗಂತೂ ಹೇಳಬೇಕಾಗಿಯೇ ಇಲ್ಲ.

ಡೇವಿಡ್ ಗಿಲ್ಮರ್ ಕಥೆ ಇನ್ನೂ ಸ್ವಾರಸ್ಯ. ಅವರು ‘ಕಂಫರ್ಟಬ್ಲಿ ನಂಬ್’ ಹಾಡನ್ನು 1979ರ ಆಲ್ಬಮ್ಮಿಗೆ ನುಡಿಸಿದ್ದು ಪ್ಯಾಸಿವ್ ಪಿಕಪ್ಪಿನ ಕಪ್ಪು ಸ್ಟ್ರಾಟೊಕಾಸ್ಟರಿನಲ್ಲಿ. 1994ರ ಪ್ರವಾಸದಲ್ಲಿ, ನೂರಾರು ದೀಪಗಳು ಕರೆಂಟನ್ನು ಕಲಕುವ ಆ ಭಾರಿ ವೇದಿಕೆಯ ಮೇಲೆ, ನುಡಿಸಿದ್ದು ಇಎಂಜಿ ಹಾಕಿದ ಕೆಂಪು ಗಿಟಾರಿನಲ್ಲಿ. 2005ರ ಲೈವ್ 8ಕ್ಕೆ ಮತ್ತೆ ಕಪ್ಪು. ಮೂರನ್ನೂ ಸಾಲಾಗಿ ಕೇಳಿ. ಕೆಂಪಿನದು ನುಣುಪು, ಕಪ್ಪಿನದು ತುಸು ಒರಟು. ಮೂರರಲ್ಲೂ ಕೈ ಅದೇ ಎಂಬುದನ್ನು ಮಾತ್ರ ಯಾರೂ ಕೇಳದೆ ಇರಲಾರರು. ಹಾಗಿದ್ದೂ ಅವರು ಕಪ್ಪಿಗೆ ಮರಳಿದರಲ್ಲ, ಅದು ನನ್ನ ಗೆಳೆಯನ ಪಕ್ಷಕ್ಕೆ ಬಿದ್ದ ದೊಡ್ಡ ವೋಟು.

ಇಷ್ಟಾದರೂ ನಾದವನ್ನಷ್ಟೇ ಹೋಲಿಸಿದರೆ ಅರ್ಧ ಕಥೆ. ಪ್ಯಾಸಿವ್ ಗಿಟಾರಿನಲ್ಲಿ ತಂತಿಗಳಿಂದ ಅರ್ಥಿಂಗಿಗೆ ಒಂದು ವೈರಿರುತ್ತದೆ. ಕೈ ತಂತಿಯ ಮೇಲಿದ್ದರೆ ಗುಂಯ್ ತಗ್ಗುವುದು ಅದರಿಂದ, ನಮ್ಮ ಮೈಯೇ ಅದಕ್ಕೆ ಮರೆ. ಆದರೆ ಹಾಡಲು ನಿಂತಾಗ ಮೈಕಿನ ಅರ್ಥಿಂಗ್ ಕೆಟ್ಟಿದ್ದರೆ ತುಟಿಯಿಂದ ಬೆರಳಿನವರೆಗೆ ಕರೆಂಟಿಗೆ ದಾರಿಯಾಗುತ್ತದೆ. 1965ರಲ್ಲಿ ಸ್ಯಾಕ್ರಮೆಂಟೋದಲ್ಲಿ ಕೀತ್ ರಿಚರ್ಡ್ಸ್ ಗಿಟಾರು ಮೈಕಿಗೆ ತಾಗಿ ಪ್ರಜ್ಞೆ ತಪ್ಪಿ ಬಿದ್ದು ಬದುಕಿಕೊಂಡ. 1972ರಲ್ಲಿ ವೇಲ್ಸಿನ ಸ್ವಾನ್ಸೀಯಲ್ಲಿ ಲೆಸ್ ಹಾರ್ವಿ ಬದುಕಲಿಲ್ಲ. ಒಂದು ಕೈ ತಂತಿಯ ಮೇಲಿತ್ತು, ಇನ್ನೊಂದು ಅರ್ಥಿಂಗ್ ಇಲ್ಲದ ಮೈಕಿನ ಮೇಲೆ. ಇಎಂಜಿಯ ಪಿಕಪ್ಪಿಗೆ ಮರೆ ಒಳಗೇ ಇರುವುದರಿಂದ ತಂತಿಯ ಆ ವೈರು ಬೇಡ. ಅದನ್ನು ಕತ್ತರಿಸಿದರೆ ಆ ಒಂದು ದಾರಿ ಮುಚ್ಚುತ್ತದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಒಂದು ಕಾಲೇಜಿನ ವಾರ್ಷಿಕೋತ್ಸವ. ಶಾಮಿಯಾನ, ಮಳೆ ಬಂದು ನೆಂದ ಹಲಗೆ, ಎರಡು ಬೇರೆ ಬೇರೆ ಕಡೆಯಿಂದ ಎಳೆದ ಕರೆಂಟು. ಮೊದಲ ಸಾಲು ಹಾಡಲು ಬಾಗಿದ ಗೆಳೆಯ ಹಿಂದಕ್ಕೆ ಹಾರಿ ಡ್ರಮ್ಮಿನ ಮೇಲೆ ಬಿದ್ದ. ಕಿವಿಗೆ ಕೇಳಿಸುವಂತೆ ಚಟ್ ಎಂದಿತ್ತು. ಜನ ಚಪ್ಪಾಳೆ ತಟ್ಟಿದರು, ಅದೂ ಕಾರ್ಯಕ್ರಮದ ಭಾಗವೆಂದು.

ಈಚಿನ ಕಥೆಯಲ್ಲಿ ಒಂದು ತಮಾಷೆಯಿದೆ. 2014ರಲ್ಲಿ ಬಂದ ಫಿಶ್‌ಮನ್ ಫ್ಲುಯೆನ್ಸ್ ಪಿಕಪ್ಪಿನಲ್ಲಿ ಸುತ್ತಿದ ಸುರುಳಿಯೇ ಇಲ್ಲ, ಪದರ ಪದರವಾಗಿ ಮುದ್ರಿಸಿದ ಸರ್ಕ್ಯೂಟ್ ಹಲಗೆಗಳು. ಒಂದು ಸ್ವಿಚ್ ಎಳೆದರೆ ಅದರ ನಾದ ಹಳೆಯ ಪ್ಯಾಸಿವ್ ಪಿಕಪ್ಪಿನ ಕಡೆಗೆ ಹೊರಳುತ್ತದೆ. ಸೋರಿಕೆ, ಮಂಕು, ಒರಟುತನಗಳನ್ನು ಮೊದಲು ಕಷ್ಟಪಟ್ಟು ತೊಳೆದು, ಆಮೇಲೆ ಬೇಕಾದಷ್ಟನ್ನು ಅಳತೆ ಮಾಡಿ ಮತ್ತೆ ಬೆರೆಸಿದ ಹಾಗೆ. ಗುಂಯ್ ಒಂದನ್ನು ಮಾತ್ರ ಯಾರೂ ವಾಪಸ್ ಕರೆದಿಲ್ಲ.

ಕಳೆದ ತಿಂಗಳು ಗೆಳೆಯ ಮನೆಗೆ ಬಂದಿದ್ದ. ಕಣ್ಣು ಮುಚ್ಚಿಸಿ ಎರಡೂ ಗಿಟಾರ್ ಕೇಳಿಸಿದೆ. ತಡಮಾಡದೆ ಪ್ಯಾಸಿವ್ ಗಿಟಾರನ್ನೇ ಆರಿಸಿದ. ‘ನೋಡು, ಜೀವ ಇರೋದು ಇದ್ರಲ್ಲೇ,’ ಎಂದ. ಆಮೇಲೆ ಅದನ್ನೇ ಹೆಗಲಿಗೇರಿಸಿಕೊಂಡು ಹಾಡಲು ಮೈಕಿನ ಮುಂದೆ ನಿಂತ. ಬಾಯಿ ತೆರೆಯುವ ಮೊದಲು ಬಲಗೈಯ ಹಿಂಬದಿಯಿಂದ ಮೈಕನ್ನು ಒಮ್ಮೆ ಮುಟ್ಟಿ ನೋಡಿದ.