ಎರಡು ರಿವಾಲ್ವರುಗಳು, ಒಂದು ಪರವಾನಗಿ

ರಿವಾಲ್ವರು ಎಂದೊಡನೆ ನಮ್ಮಂಥ ಗುಮಾಸ್ತರ ಕಣ್ಣಮುಂದೆ ಬರುವುದು ಹಿಂದೀ ಚಲಚ್ಚಿತ್ರದ ಖಳನಾಯಕನೇ ಹೊರತು ಬೇರೆ ಯಾರೂ ಅಲ್ಲ. ಕಾಲೇಜಿನಲ್ಲಿ ಎನ್.ಸಿ.ಸಿ.ಯ .22 ರೈಫಲ್ಲಿನಿಂದ ಐದೈದು ಗುಂಡು ಹೊಡೆದದ್ದನ್ನು ಬಿಟ್ಟರೆ ನನಗೂ ಆಯುಧಗಳ ಸಹವಾಸವಿರಲಿಲ್ಲ. ಹೀಗಿರುವಾಗ 2020ರ ಅಕ್ಟೋಬರಿನ ಒಂದು ಸಂಜೆ, ಚೆಂಬೂರಿನ ನಮ್ಮ ಕಟ್ಟಡದ ಮೂರನೆಯ ಮಹಡಿಯ ಗೌಡರು ನನ್ನನ್ನು ಕರೆಸಿಕೊಂಡರು. ಸಕಲೇಶಪುರದ ಕಡೆಯವರು, ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು, ವಯಸ್ಸು ಎಂಬತ್ತು ದಾಟಿತ್ತು.

“ನೀನು ಬಿ.ಎಸ್ಸಿ. ಓದಿದವನು, ಸರ್ಕಾರಿ ಕಾಗದ ಬೇರೆ ಬಲ್ಲವನು. ಇದನ್ನು ಸ್ವಲ್ಪ ನೋಡಪ್ಪಾ” ಎಂದು ಅವರು ಮುಂದಿಟ್ಟದ್ದು ಪರವಾನಗಿಯ ಪುಸ್ತಕವನ್ನು. ಅದರಲ್ಲಿ ಮೂರು ಆಯುಧಗಳು ನಮೂದಾಗಿದ್ದವು: ತಂದೆಯ ಕಾಫಿ ತೋಟದಿಂದ ಬಂದ ಜೋಡು ನಳಿಗೆಯ ಕೋವಿ, 1971ರಲ್ಲಿ ಇದೇ ಊರಿನಲ್ಲಿ ಕೊಂಡ ಸ್ಮಿತ್ ಅಂಡ್ ವೆಸ್ಸನ್ ಕಂಪೆನಿಯ .22 ರಿವಾಲ್ವರು, 1976ರಲ್ಲಿ ಕೊಂಡ ಕೋಲ್ಟ್ ಕಂಪೆನಿಯ .22 ರಿವಾಲ್ವರು. ಎರಡು ರಿವಾಲ್ವರುಗಳೂ ಗುರಿ ಅಭ್ಯಾಸಕ್ಕೆಂದೇ ತಯಾರಾದವು, ಎರಡೂ ಸೆಕೆಂಡ್‌ಹ್ಯಾಂಡ್.

ಕಾಯಿದೆ ಸ್ಪಷ್ಟವಾಗಿತ್ತು. 1983ರ ತಿದ್ದುಪಡಿಯಿಂದ ಒಬ್ಬರಿಗೆ ಮೂರು ಆಯುಧಗಳ ಮಿತಿ ಬಂದಿತ್ತು. 2019ರ ಡಿಸೆಂಬರಿನ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಮೊದಲ ಮಸೂದೆಯಲ್ಲಿ ಒಂದೇ ಎಂದಿತ್ತು. ಆಕ್ಷೇಪಣೆಗಳು ಬಂದ ಮೇಲೆ ಎರಡಾಯಿತು. ಹೆಚ್ಚಿನದನ್ನು ಒಂದು ವರ್ಷದೊಳಗೆ ಪೊಲೀಸ್ ಠಾಣೆಯಲ್ಲಾಗಲಿ ಪರವಾನಗಿಯುಳ್ಳ ವ್ಯಾಪಾರಿಯಲ್ಲಾಗಲಿ ಒಪ್ಪಿಸಬೇಕು. ಪಿತ್ರಾರ್ಜಿತವೆಂಬ ಕಾರಣಕ್ಕೂ ಮಿತಿ ಮೀರುವಂತಿಲ್ಲ. ತಂದೆಯ ಕೋವಿಯನ್ನು ಬಿಡುವ ಮಾತೇ ಇರಲಿಲ್ಲವಾದ್ದರಿಂದ ಪ್ರಶ್ನೆ ಉಳಿದದ್ದು ಎರಡು ರಿವಾಲ್ವರುಗಳ ನಡುವೆ. “ಯಾವುದು ಉತ್ತಮ, ನೀನೇ ಹೇಳು” ಎಂದರು ಗೌಡರು. ಉತ್ತರ ಹುಡುಕಹೊರಟ ನನಗೆ ಸಿಕ್ಕಿದ್ದು ಒಂದು ಇತಿಹಾಸ. ಅದನ್ನೇ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ತೋಟಾದ ವಿಷಯ. ದೊಡ್ಡ ಬಂದೂಕುಗಳ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ನಡುವೆ ಒಂದು ಪುಟ್ಟ ಬಟ್ಟಲಿನಲ್ಲಿರುತ್ತದೆ. .22ರಲ್ಲಿ ಹಾಗಲ್ಲ, ತಳದ ಸುತ್ತಲಿನ ಮಡಿಕೆಯಂಚಿನೊಳಗೆ ಮದ್ದು ತುಂಬಿರುತ್ತದೆ. ಹ್ಯಾಮರಿನ ಮೊನೆ ಆ ಅಂಚನ್ನು ಜಜ್ಜಿದರೆ ಗುಂಡು ಹಾರುತ್ತದೆ. ಆದ್ದರಿಂದಲೇ ಇದಕ್ಕೆ ರಿಮ್‌ಫೈರ್ ಎಂದು ಹೆಸರು. ಅಂಚು ಜಜ್ಜಿಹೋಗಬೇಕಾದರೆ ಹಿತ್ತಾಳೆ ತೆಳುವಾಗಿರಬೇಕು. ತೆಳುವಾದ್ದರಿಂದ ಹೆಚ್ಚು ಒತ್ತಡ ತಾಳದು. ಒಮ್ಮೆ ಹಾರಿಸಿದ ತೋಟಾವನ್ನು ಮತ್ತೆ ತುಂಬಲೂ ಬಾರದು. ಇಷ್ಟು ಕೊರತೆಗಳಿದ್ದರೂ ಅದು ಅಗ್ಗ, ಸದ್ದು ಕಡಿಮೆ, ಕೈಗೆ ಒದೆತವಿಲ್ಲ. ಕಲಿಯುವವನಿಗೆ ಬೇಕಾದ್ದು ಇವೇ ಅಲ್ಲವೇ?

ಇದರ ಮೂಲಪುರುಷ ಪ್ಯಾರಿಸಿನ ಫ್ಲೋಬೆರ್. 1845ರ ಸುಮಾರಿಗೆ ಆತ ಮನೆಯ ಹಜಾರದಲ್ಲಿಯೇ ಗುರಿಯಾಟವಾಡಲು ಒಂದು ಸಣ್ಣ ತೋಟಾ ಮಾಡಿದ. ಅದನ್ನು ರಿವಾಲ್ವರಿಗೆ ತಂದವರು ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ಸ್ಮಿತ್ ಮತ್ತು ವೆಸ್ಸನ್, 1857ರಲ್ಲಿ. ಅದೇ ವರ್ಷ ಕೋಲ್ಟ್ ಕಂಪೆನಿಯ ರಿವಾಲ್ವರು ಪೇಟೆಂಟಿನ ಅವಧಿ ಮುಗಿದಿತ್ತು. ಆದರೆ ಹಿಂದಿನಿಂದ ತೋಟಾ ತುಂಬಲು ಸಿಲಿಂಡರನ್ನು ಆರಪಾರ ಕೊರೆಯಬೇಕು. ಆ ವಿಧಾನದ ಪೇಟೆಂಟು 1855ರಿಂದ ರೋಲಿನ್ ವೈಟ್ ಎಂಬಾತನಲ್ಲಿತ್ತು. ಈತ ಹಿಂದೆ ಕೋಲ್ಟ್ ಕಾರ್ಖಾನೆಯಲ್ಲೇ ಕೆಲಸ ಮಾಡಿದವನು! ಒಂದು ರಿವಾಲ್ವರಿಗೆ ಇಪ್ಪತ್ತೈದು ಸೆಂಟಿನಂತೆ ಕೊಡುವುದಾಗಿ ಒಪ್ಪಿ ಸ್ಮಿತ್–ವೆಸ್ಸನ್ನರು ಆ ಹಕ್ಕನ್ನು ಪಡೆದರು.

ಕರಾರುಪತ್ರದಲ್ಲಿ ಇನ್ನೊಂದು ಷರತ್ತಿತ್ತು: ಪೇಟೆಂಟನ್ನು ಯಾರಾದರೂ ಉಲ್ಲಂಘಿಸಿದರೆ ಮೊಕದ್ದಮೆ ಹೂಡುವ ಖರ್ಚೆಲ್ಲ ವೈಟನದೇ. ನಮ್ಮ ಕಚೇರಿಯಲ್ಲಿ ಇಂಥ ಷರತ್ತನ್ನು ಕಂಡರೆ ಕಿರಿಯ ಗುಮಾಸ್ತನೂ ಕೆಂಪು ಗೆರೆ ಎಳೆದಾನು. ಪಾಪ, ವೈಟ್ ವರ್ಷಗಟ್ಟಲೆ ಕೋರ್ಟು ಅಲೆದ. ಪೇಟೆಂಟು ಉಳಿಯಿತು, ಗಳಿಸಿದ ಹಣದ ಬಹುಪಾಲು ಕರಗಿತು. 1869ರಲ್ಲಿ ಅವಧಿ ಮುಗಿದಾಗ ಅದನ್ನು ಮುಂದುವರಿಸಬೇಕೆಂಬ ಆತನ ಬೇಡಿಕೆಯ ಮಸೂದೆಯನ್ನು 1870ರಲ್ಲಿ ಅಧ್ಯಕ್ಷ ಗ್ರಾಂಟ್ ತಿರಸ್ಕರಿಸಿದರು. ಅಂತೂ ಮೊದಲ ಸುತ್ತಿನಲ್ಲಿ ಸ್ಮಿತ್–ವೆಸ್ಸನ್ನರು ಗೆದ್ದದ್ದು ಗುರಿಯ ನಿಖರತೆಯಿಂದಲ್ಲ, ಒಂದು ಕಾಗದದಿಂದ.

ಅದೇ 1857ರಲ್ಲಿ ನಮ್ಮ ದೇಶದಲ್ಲಿ ಏನು ನಡೆಯಿತೆಂಬುದು ಎಲ್ಲರಿಗೂ ಗೊತ್ತು. ದಂಗೆಯ ನಂತರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯಿದೆಗಳು ಬಂದವು. 1878ರ ಆಯುಧ ಕಾಯಿದೆ ಪರವಾನಗಿಯ ಪದ್ಧತಿಯನ್ನು ಗಟ್ಟಿಮಾಡಿತು. ನಮ್ಮ ಕನ್ನಡ ನಾಡಿನ ಒಂದು ಮೂಲೆಗೆ ಮಾತ್ರ ವಿನಾಯಿತಿ ಸಿಕ್ಕಿತು. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟರು. ಆ ವಿನಾಯಿತಿ ರೂಪ ಬದಲಿಸಿಕೊಂಡು ಮುಂದುವರಿದು, 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಣೆಯಾಯಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಅದು ಕೋವಿ ಮತ್ತು ರೈಫಲ್ಲಿನ ಮಾತು, ರಿವಾಲ್ವರಿನದಲ್ಲ. ಸ್ವತಂತ್ರ ಭಾರತದ 1959ರ ಕಾಯಿದೆಯೂ ರೈಫಲ್ ಕ್ಲಬ್ಬಿನ ಸದಸ್ಯನು ಗುರಿ ಅಭ್ಯಾಸಕ್ಕೆ ಬಳಸುವ .22 ರೈಫಲ್ಲಿಗೆ ಸಂಖ್ಯೆಯ ಮಿತಿಯಿಂದ ರಿಯಾಯಿತಿ ತೋರಿಸಿದೆ. ಅದೇ ತೋಟಾ ಹಾಕುವ ಕೈಬಂದೂಕಿಗೆ ಆ ದಯೆ ಇಲ್ಲ.

ಮತ್ತೆ ಅಮೆರಿಕಕ್ಕೆ ಬರೋಣ. 1887ರಲ್ಲಿ ಸ್ಟೀವನ್ಸ್ ಕಂಪೆನಿ .22 ಲಾಂಗ್ ರೈಫಲ್ ಎಂಬ ತೋಟಾವನ್ನು ಹೊರತಂದಿತು. ಗುಂಡಿನ ತೂಕ ಸುಮಾರು 2.6 ಗ್ರಾಮು. ಇಂದಿಗೂ ಜಗತ್ತಿನ ರೇಂಜುಗಳಲ್ಲೆಲ್ಲ ಓಡುತ್ತಿರುವುದು ಅದೇ. 1911ರಲ್ಲಿ ಸಾನ್‌ಫ್ರಾನ್ಸಿಸ್ಕೋದ ಬೆಕಾರ್ಟ್ ಎಂಬ ವ್ಯಾಪಾರಿಯ ಒತ್ತಾಯದಿಂದ ಸ್ಮಿತ್–ವೆಸ್ಸನ್ನರು ಗಟ್ಟಿ ಚೌಕಟ್ಟಿನ .22 ಗುರಿ ರಿವಾಲ್ವರನ್ನು ತಯಾರಿಸಿದರು. ನಿಜವಾದ ಪೈಪೋಟಿ ಹುಟ್ಟಿದ್ದು 1930ರ ಸುಮಾರಿಗೆ. ಕೋಲ್ಟಿನವರು ತಮ್ಮ ‘ಆಫೀಸರ್ಸ್ ಮಾಡೆಲ್’ ರಿವಾಲ್ವರನ್ನು .22ರಲ್ಲಿ ತಂದರು, 1931ರಲ್ಲಿ ಸ್ಮಿತ್–ವೆಸ್ಸನ್ನರು ‘ಕೆ-22’ ತಂದು ಉತ್ತರ ಕೊಟ್ಟರು. ಯುದ್ಧ ಮುಗಿದ ಮೇಲೆ 1946ರಿಂದ ‘ಕೆ-22 ಮಾಸ್ಟರ್‌ಪೀಸ್’, 1953ರಲ್ಲಿ ಕೋಲ್ಟಿನ ‘ಆಫೀಸರ್ಸ್ ಮಾಡೆಲ್ ಮ್ಯಾಚ್’. ಗೌಡರ ಮೇಜಿನ ಮೇಲೆ ಎದುರುಬದುರಾಗಿ ಮಲಗಿದ್ದವು ಈ ಕೊನೆಯ ಎರಡೇ.

ನೋಡಲು ಅಣ್ಣತಮ್ಮಂದಿರು, ನಡೆಯಲ್ಲಿ ದಾಯಾದಿಗಳು. ಎರಡಕ್ಕೂ ಆರು ತೋಟಾಗಳ ಸಿಲಿಂಡರು. ಕೋಲ್ಟಿನದು ಬಲಕ್ಕೆ ತಿರುಗಿದರೆ ಸ್ಮಿತ್ತಿನದು ಎಡಕ್ಕೆ. ಸಿಲಿಂಡರು ತೆರೆಯಲು ಅದರ ಚಿಲಕವನ್ನು ಹಿಂದಕ್ಕೆಳೆಯಬೇಕು, ಇದರದನ್ನು ಮುಂದಕ್ಕೆ ನೂಕಬೇಕು. ನಳಿಗೆಯೊಳಗಿನ ಸುರುಳಿಗೆರೆಗಳು ಕೂಡ ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಸ್ಮಿತ್–ವೆಸ್ಸನ್ನರ ಜಾಣತನವೆಂದರೆ, .22, .32, .38 ಈ ಮೂರು ಅಳತೆಯ ಮಾಸ್ಟರ್‌ಪೀಸುಗಳೂ ತೋಟಾ ತುಂಬಿದಾಗ ಒಂದೇ ತೂಕ ಬರುವಂತೆ ಮಾಡಿದ್ದು. ಅಗ್ಗದ .22ರಲ್ಲಿ ಪಳಗಿದ ಕೈ ದೊಡ್ಡ ರಿವಾಲ್ವರು ಹಿಡಿದಾಗ ತಡವರಿಸಬಾರದೆಂಬುದು ಅದರ ಉದ್ದೇಶ.

ಟ್ರಿಗರಿನ ಬಿಗಿ ನೋಡಲು ಕೆಳಗಿನ ಕಿರಾಣಿ ಅಂಗಡಿಯಿಂದ ಒಂದು ಕಿಲೋದ ತೂಕದ ಕಲ್ಲು ತಂದೆ. ಖಾಲಿ ರಿಮ್‌ಫೈರಿನ ಟ್ರಿಗರನ್ನು ಸುಮ್ಮನೆ ಒತ್ತಬಾರದು. ಮೊನೆ ನೇರವಾಗಿ ಉಕ್ಕಿನ ಅಂಚಿಗೆ ಬಡಿದು ತಗ್ಗು ಬೀಳುತ್ತದೆ. ಹಾರಿಸಿದ ಹಳೆಯ ತೋಟಾಗಳನ್ನು ತುಂಬಿ, ಹ್ಯಾಮರಿಗೆ ಹೆಬ್ಬೆರಳು ಆನಿಸಿಟ್ಟು, ಗೌಡರೇ ಪರೀಕ್ಷೆ ನಡೆಸಿದರು. ದಾರದಲ್ಲಿ ತೂಗಿದ ಕಲ್ಲನ್ನು ಎರಡೂ ಎತ್ತಿದವು. ಇಲ್ಲಿಯೂ ಸಮ.

ಆಗ ಗೌಡರು ಒಂದು ಟ್ರಂಕು ತೆರೆದರು. ಅದರಲ್ಲಿ ಮೂವತ್ತು ವರ್ಷಗಳ ಗುರಿಕಾಗದಗಳು, ಪ್ರತಿಯೊಂದರ ಮೇಲೂ ತಾರೀಖು ಮತ್ತು ‘ಸ್ಮಿ’ ಅಥವಾ ‘ಕೋ’ ಎಂಬ ಗುರುತು. ಗುಮಾಸ್ತನಿಗೆ ಇದಕ್ಕಿಂತ ಹಬ್ಬ ಬೇಕೆ! ಎರಡು ಭಾನುವಾರ ಕುಳಿತು ಪಟ್ಟಿ ಮಾಡಿದೆ. ನೂರಕ್ಕೆ ಸುಮಾರು ಎರಡು ಅಂಕದಿಂದ ಕೋಲ್ಟ್ ಮುಂದಿತ್ತು. ಗೌಡರ ಮುಖ ಅರಳಿತು. ಅವರ ಮನಸ್ಸು ಮೊದಲಿನಿಂದಲೂ ಕೋಲ್ಟಿನ ಮೇಲಿತ್ತೆಂಬುದು ನನಗೆ ತಿಳಿದದ್ದು ಆಗಲೇ.

ಆದರೆ ರಾತ್ರಿ ಮಲಗಿದಾಗ ಸಂದೇಹ ಬಂತು. ಕೋಲ್ಟ್ ಬಂದದ್ದು ಐದು ವರ್ಷ ತಡವಾಗಿ. ಕಲಿಯುವ ಕಾಲದ ತಪ್ಪುಗಳೆಲ್ಲ ಸ್ಮಿತ್ತಿನ ಖಾತೆಗೇ ಬಿದ್ದಿದ್ದವು. ಮರುದಿನ 1976ರ ನಂತರದ ಕಾಗದಗಳನ್ನಷ್ಟೇ ಬೇರೆ ಮಾಡಿ ಕೂಡಿಸಿದೆ. ವ್ಯತ್ಯಾಸ ಅರ್ಧ ಅಂಕಕ್ಕೆ ಇಳಿಯಿತು. ಮುಂದಾದದ್ದು ಕೋಲ್ಟ್ ಅಲ್ಲ, ಗೌಡರು! ಇದನ್ನು ಅವರಿಗೆ ಹೇಳಲು ನನಗೆ ಸ್ವಲ್ಪ ಧೈರ್ಯವೇ ಬೇಕಾಯಿತು. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಜಗಳವೇ ಇಲ್ಲವಲ್ಲಪ್ಪಾ” ಎಂದರು.

ಜಗತ್ತಿನ ರೇಂಜುಗಳಲ್ಲೂ ಈ ಜಗಳ ಇತ್ಯರ್ಥವಾದದ್ದು ಹೀಗೆಯೇ, ಇಬ್ಬರನ್ನೂ ಬದಿಗೆ ಸರಿಸಿ. ಕೋಲ್ಟಿನವರೇ 1915ರಲ್ಲಿ ಸ್ವಯಂಚಾಲಿತ .22 ಪಿಸ್ತೂಲು ತಂದಿದ್ದರು. 1949ರಲ್ಲಿ ರೂಗರ್ ಕಂಪೆನಿ ಅಗ್ಗದ ದರದಲ್ಲಿ ಇನ್ನೊಂದನ್ನು ತಂದಿತು. 1957ರಲ್ಲಿ ಸ್ಮಿತ್–ವೆಸ್ಸನ್ನರೇ ತಮ್ಮ ‘ಮಾಡೆಲ್ 41’ ಪಿಸ್ತೂಲನ್ನು ಹೊರತಂದರು. ರಿವಾಲ್ವರಿನಲ್ಲಿ ಆರು ಕೋಣೆಗಳೂ ಒಂದೊಂದಾಗಿ ನಳಿಗೆಗೆ ಸರಿಯಾಗಿ ಕೂರಬೇಕು. ಪಿಸ್ತೂಲಿನಲ್ಲಿ ಇರುವುದು ಒಂದೇ ಕೋಣೆ. ಅದಕ್ಕಿಂತ ಮುಖ್ಯವಾದದ್ದು ಗಡಿಯಾರ. ಸ್ಪರ್ಧೆಯ ನಿಯಮದಂತೆ ಐದು ಗುಂಡುಗಳನ್ನು ಹತ್ತೇ ಸೆಕೆಂಡಿನಲ್ಲಿ ಹೊಡೆಯಬೇಕಾದ ಸುತ್ತುಂಟು. ರಿವಾಲ್ವರಿನವನು ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರನ್ನೆಳೆಯಬೇಕು, ಹಿಡಿತ ಸಡಿಲುತ್ತದೆ. ಪಿಸ್ತೂಲಿನವನ ಕೈ ಕದಲುವುದಿಲ್ಲ. ಉಕ್ಕಿನ ಗುಣ ಹಾಗೇ ಇತ್ತು. ನಿಯಮದ ಪುಸ್ತಕ ಅದನ್ನು ಸೋಲಿಸಿತು.

ನಮ್ಮ ದೇಶದಲ್ಲಿ ರಾಷ್ಟ್ರೀಯ ರೈಫಲ್ ಸಂಸ್ಥೆ ಹುಟ್ಟಿದ್ದು 1951ರಲ್ಲಿ, ಲೋಕಸಭೆಯ ಮೊದಲ ಸ್ಪೀಕರ್ ಮಾವಳಂಕರರ ಅಧ್ಯಕ್ಷತೆಯಲ್ಲಿ. ನಮ್ಮ ಮುಂಬಯಿಯ ವರ್ಲಿಯಲ್ಲಿ ಮಹಾರಾಷ್ಟ್ರ ರೈಫಲ್ ಸಂಸ್ಥೆಯ ರೇಂಜು ಇದೆ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ 2004ರ ಅಥೆನ್ಸ್ ಒಲಿಂಪಿಕ್ಸಿನ ಏರ್ ರೈಫಲ್ ಅಂತಿಮ ಸುತ್ತಿಗೇರಿದ ಸುಮಾ ಶಿರೂರರು ಪಳಗಿದ್ದು ಅಲ್ಲಿಯೇ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊದಲ್ಲಿ 50 ಮೀಟರ್ ಪಿಸ್ತೂಲಿನಲ್ಲಿ, ಅಂದರೆ ಈ ರಿಮ್‌ಫೈರ್ ತೋಟಾದಲ್ಲೇ, ಸ್ಪರ್ಧಿಸಿದರು. ಅದೇ ತೋಟಾ ನಮಗೆ ಎರಡು ಒಲಿಂಪಿಕ್ ಪದಕಗಳನ್ನೂ ತಂದುಕೊಟ್ಟಿದೆ: 2012ರಲ್ಲಿ ಲಂಡನ್ನಿನಲ್ಲಿ ವಿಜಯ್ ಕುಮಾರರ ಬೆಳ್ಳಿ, 2024ರಲ್ಲಿ ಪ್ಯಾರಿಸಿನಲ್ಲಿ ಸ್ವಪ್ನಿಲ್ ಕುಸಾಳೆಯವರ ಕಂಚು. ಕುಸಾಳೆಯವರು ಕೊಲ್ಲಾಪುರ ಜಿಲ್ಲೆಯವರು. ಪದಕ ಗೆದ್ದಾಗ ಮಧ್ಯ ರೈಲ್ವೆಯಲ್ಲಿ ಟಿಕೆಟ್ ತಪಾಸಕರು. ಕೇಂದ್ರ ಸರ್ಕಾರದ ನೌಕರನಾಗಿ ಆ ದಿನ ನಾನೂ ಸ್ವಲ್ಪ ಎದೆಯುಬ್ಬಿಸಿ ನಡೆದೆನೆಂದರೆ ತಪ್ಪಿಲ್ಲವಷ್ಟೆ.

ಇರಲಿ, ಗೌಡರ ತೀರ್ಮಾನಕ್ಕೆ ಬರೋಣ. ಅಂಕ, ತೂಕ, ಟ್ರಿಗರು ಎಲ್ಲ ಸಮವಾದ ಮೇಲೆ ಉಳಿದದ್ದು ಒಂದೇ ಪ್ರಶ್ನೆ: ಮುಂದೆ ನೋಡಿಕೊಳ್ಳುವವರು ಯಾರು? ಹಳೆಯ ಕೋಲ್ಟಿನ ಒಳಯಂತ್ರವನ್ನು ಕೈಯಲ್ಲಿ ಅರೆದರೆದು ಕೂರಿಸಿರುತ್ತಾರೆ. ಸವೆದರೆ ಸಿಲಿಂಡರು ನಿಲ್ಲಬೇಕಾದಲ್ಲಿ ನಿಲ್ಲದು, ಸರಿಪಡಿಸಲು ಪಳಗಿದ ಕೈಯೇ ಬೇಕು. ಸ್ಮಿತ್ತಿನದು ಅಷ್ಟು ಸೂಕ್ಷ್ಮವಲ್ಲ. ಬೊಂಬಾಯಿಯಲ್ಲಿ ತಮ್ಮ ಕೋಲ್ಟನ್ನು ರಿಪೇರಿ ಮಾಡುತ್ತಿದ್ದ ಮುದುಕ ತೀರಿಹೋಗಿ ಬಹಳ ವರ್ಷವಾಯಿತೆಂದರು ಗೌಡರು. “ಮಗಳಿಗೆ ಬಿಟ್ಟುಹೋಗುವುದಾದರೆ ಕಷ್ಟ ಕೊಡದಿರುವುದನ್ನು ಬಿಟ್ಟುಹೋಗಬೇಕು” ಎಂದು ತಾವೇ ಹೇಳಿ, ಕೋಲ್ಟಿಗೆ ಕೊನೆಯ ಬಾರಿ ಎಣ್ಣೆ ಹಾಕಿದರು. ಡಿಸೆಂಬರಿನ ಮೊದಲ ವಾರ ಟ್ಯಾಕ್ಸಿಯಲ್ಲಿ ಹೋಗಿ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಒಪ್ಪಿಸಿ ರಸೀದಿ ಪಡೆದೆವು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ.

ಗೌಡರು ಈಗಿಲ್ಲ. ಅವರ ಮೊಮ್ಮಗಳು ರೇಂಜಿಗೆ ಹೋಗುತ್ತಾಳೆ, ಸಂಸ್ಥೆಯ .22 ಪಿಸ್ತೂಲಿನಲ್ಲಿ ಅಭ್ಯಾಸ ಮಾಡುತ್ತಾಳೆ. ಗುರಿಕಾಗದಗಳ ಟ್ರಂಕು ಅವಳ ಕೋಣೆಯಲ್ಲಿದೆ. ತನ್ನ ಕಾಗದಗಳಿಗೂ ಅವಳು ತಾರೀಖು ಹಾಕಿಯೇ ಇಡುತ್ತಾಳೆ. ವರ್ಷಕ್ಕೊಮ್ಮೆ ಅವುಗಳನ್ನು ಕೂಡಿಸಿಕೊಡುವ ಕೆಲಸ ನನ್ನದು.